ಪರರ ಮಗು ನಮ್ಮ ಮನೆಯಲ್ಲಿ

ಕುಟುಂಬ ಮತ್ತು ವಿಶ್ವಾಸ: ಅಧ್ಯಯನ ಲೇಖನ

ಓದಿಗಾಗಿ: ವಿಮೋಚನಾಕಾಂಡ 2: 1-10, ಪ್ರೇಷಿತರ ಕಾರ್ಯಕಲಾಪಗಳು 6: 1-7, ಲೂಕ 2: 41-52



ಪ್ರತಿ ವರ್ಷ ಮಾರ್ಚ್ 19ರಂದು ನಾವು ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಅವರನ್ನು ಪ್ರಭು ಯೇಸುವಿನ ಸಾಕುತಂದೆ ಎಂದು ಕರೆಯುತ್ತೇವೆ. ಚಿಕ್ಕಂದಿನಿಂದ ಕೇಳಿ ಕೇಳಿ ರೂಢಿಯಾಗಿರುವುದರಿಂದ ಈ ಮಾತಿನ ಭಾರ ನಮಗೆ ತಟ್ಟುವುದಿಲ್ಲ. ತನ್ನದಲ್ಲದ ಮಗುವನ್ನು ತನ್ನ ಮನೆಗೆ ತಂದುಕೊಂಡು, ಅದಕ್ಕೆ ಹೆಸರಿಟ್ಟು, ಕಸುಬು ಕಲಿಸಿ, ಅಪಾಯ ಬಂದಾಗ ರಾತ್ರೋರಾತ್ರಿ ಎತ್ತಿಕೊಂಡು ಪರದೇಶಕ್ಕೆ ಹೋದವರು ಅವರು. ದೇವಪುತ್ರನೇ ಒಬ್ಬ ಬಡಗಿಯ ಮನೆಯಲ್ಲಿ ಸಾಕುಮಗುವಾಗಿ ಬೆಳೆದರು. ಹೀಗಿರುವಾಗ ಸಾಕುವುದು ಎಂಬ ಕೆಲಸ ಕ್ರೈಸ್ತ ಕುಟುಂಬಕ್ಕೆ ಹೊರಗಿನ ವಿಷಯವಾಗಲು ಸಾಧ್ಯವಿಲ್ಲ.

ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ ನಡೆಯುವುದೇನು? ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಅಜ್ಜಿಯೊಬ್ಬರು ಗುರುಗಳ ಹತ್ತಿರ ನಿಂತು ಹೇಳುವ ಇಂಥ ಮಾತನ್ನು ಹುಬ್ಬಳ್ಳಿ-ಧಾರವಾಡದ ಕಡೆ ಕೇಳದವರು ಕಡಿಮೆ: "ಫಾದರ್, ಮಗಳು ತೀರಿಕೊಂಡು ಆರು ತಿಂಗಳಾತ್ರಿ. ಅಳಿಯ ಎಲ್ಲಿ ಹೋದನೋ ಗೊತ್ತಿಲ್ಲ. ಎರಡು ಮಕ್ಕಳನ್ನ ನಾನ ಸಾಕಾಕತ್ತೀನ್ರಿ. ಇನ್ನ ನನ್ನ ಕೈಲೆ ಆಗಂಗಿಲ್ಲ. ಎಲ್ಲ್ಯಾರ ಬೋರ್ಡಿಂಗಿಗೆ ಹಾಕಿಸಿ ಕೊಡ್ರಿ."

ಗುರುಗಳು ಮರುಗಿ ಒಂದು ಪತ್ರ ಬರೆದುಕೊಡುತ್ತಾರೆ. ಜೂನ್ ತಿಂಗಳಲ್ಲಿ ಹುಡುಗ ಒಂದು ಊರಿನ ಬೋರ್ಡಿಂಗಿಗೆ, ಹುಡುಗಿ ಇನ್ನೊಂದು ಊರಿನ ಕಾನ್ವೆಂಟಿಗೆ ಹೋಗುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಆದರೂ ತಾಯಿ ಸತ್ತ ವರ್ಷದಲ್ಲೇ ಆ ಮಕ್ಕಳು ಅಜ್ಜಿಯ ಮಡಿಲನ್ನೂ ಕಳೆದುಕೊಂಡರು. ಅಣ್ಣ ತಂಗಿಯನ್ನು, ತಂಗಿ ಅಣ್ಣನನ್ನು ಕಳೆದುಕೊಂಡರು.

ಬೇರೆ ದಾರಿ ಇತ್ತೇ? ಇತ್ತು. ಅದಕ್ಕೆ ಕಾನೂನಿದೆ, ಕಚೇರಿಯಿದೆ, ಸರ್ಕಾರದ ಹಣವೂ ಇದೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ತಿಳಿದಿಲ್ಲ ಅಷ್ಟೇ. ಆ ವ್ಯವಸ್ಥೆ ಹೇಗೆ ನಡೆಯುತ್ತದೆ, ಹಣ ಎಲ್ಲಿಂದ ಬರುತ್ತದೆ, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ದೇವರ ವಾಕ್ಯದ ಬೆಳಕಿನಲ್ಲಿ

ಮೋಶೆಯ ಬಾಲ್ಯದ ಕಥೆ ನಮಗೆಲ್ಲ ಗೊತ್ತು. ಹೆಬ್ರಿಯರ ಗಂಡುಮಕ್ಕಳನ್ನು ಕೊಲ್ಲಬೇಕೆಂಬ ಅರಸನ ಆಜ್ಞೆಯಿದ್ದಾಗ ತಾಯಿ ಮಗುವನ್ನು ಬುಟ್ಟಿಯಲ್ಲಿಟ್ಟು ನೈಲ್ ನದಿಯ ಆಪಿನ ನಡುವೆ ಬಿಡುತ್ತಾಳೆ. ಸ್ನಾನಕ್ಕೆ ಬಂದ ಫರೋಹನ ಪುತ್ರಿಗೆ ಅದು ಸಿಗುತ್ತದೆ. ದೂರದಲ್ಲಿ ನಿಂತು ನೋಡುತ್ತಿದ್ದ ಮಗುವಿನ ಅಕ್ಕ ಮುಂದೆ ಬಂದು, ಹಾಲುಣಿಸಲು ಒಬ್ಬ ಹೆಬ್ರಿಯ ದಾದಿಯನ್ನು ಕರೆತರಲೇ ಎಂದು ಕೇಳುತ್ತಾಳೆ. ಕರೆತಂದದ್ದು ಮಗುವಿನ ಹೆತ್ತ ತಾಯಿಯನ್ನೇ! ಮಗುವನ್ನು ಸಾಕುವುದಕ್ಕೆ ಅರಮನೆಯಿಂದ ಸಂಬಳವೂ ನಿಗದಿಯಾಗುತ್ತದೆ.

ಈ ಘಟನೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಮೊದಲನೆಯದು, ಮಗು ಬೆಳೆಯುವವರೆಗೆ ತನ್ನ ಮನೆಯಲ್ಲೇ, ತನ್ನ ಜನರ ನಡುವೆಯೇ ಉಳಿಯಿತು. ಎರಡನೆಯದು, ಅದಕ್ಕೆ ತಗಲುವ ಖರ್ಚನ್ನು ಅಧಿಕಾರದಲ್ಲಿದ್ದವರು ಭರಿಸಿದರು. ಮೂರನೆಯದು, ಅರಮನೆಗೂ ಗುಡಿಸಲಿಗೂ ನಡುವೆ ಒಬ್ಬ ಹುಡುಗಿ ನಿಂತಿದ್ದಳು. ಮಗುವಿನ ಮನೆ ಯಾವುದೆಂದು ಅವಳಿಗೆ ಗೊತ್ತಿತ್ತು. ಹಣವಿರುವವರ ಹತ್ತಿರ ಹೋಗಿ ಮಾತಾಡುವ ಧೈರ್ಯವೂ ಇತ್ತು. ಅವಳು ಸುಮ್ಮನಿದ್ದಿದ್ದರೆ ಮಗು ಅಂದೇ ಅರಮನೆಗೆ ಹೋಗುತ್ತಿತ್ತು, ತಾಯಿ ಬರಿಗೈಯಲ್ಲಿ ಉಳಿಯುತ್ತಿದ್ದಳು.

ಆದಿ ಸಭೆಯ ಇನ್ನೊಂದು ಘಟನೆಯನ್ನೂ ನೆನೆಯೋಣ. ಪ್ರತಿದಿನದ ಅನ್ನದಾನದಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಎದ್ದಿತು. ಪ್ರೇಷಿತರು ದೂರು ಹೇಳಿದವರನ್ನು ಗದರಿಸಲಿಲ್ಲ. ಸಭೆಯನ್ನು ಕರೆದು, ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಆರಿಸಿ, ಆ ಕೆಲಸವನ್ನು ಅವರ ಕೈಗೆ ಕೊಟ್ಟರು. ಪ್ರೀತಿ ಇದ್ದರೆ ಸಾಲದು, ಪ್ರೀತಿಗೂ ಒಂದು ವ್ಯವಸ್ಥೆ ಬೇಕು, ಲೆಕ್ಕಪತ್ರ ಬೇಕು ಎಂಬುದನ್ನು ಸಭೆ ಆಗಲೇ ಕಲಿಯಿತು. ಆದ್ದರಿಂದ ಸಮಿತಿ, ಅರ್ಜಿ, ಪರಿಶೀಲನೆ ಎಂಬ ಮಾತುಗಳು ಬಂದಾಗ ಇವೆಲ್ಲ ಧರ್ಮಕ್ಕೆ ಸಂಬಂಧಿಸಿದ್ದಲ್ಲ ಎಂದು ನಾವು ಪುಟ ತಿರುವಬಾರದು.

ದಿವಂಗತ ಪೋಪ್ ಫ್ರಾನ್ಸಿಸರು 2016ರಲ್ಲಿ ಹೊರಡಿಸಿದ "ಅಮೋರಿಸ್ ಲೆತಿತ್ಸಿಯ" ಎಂಬ ಪ್ರಬೋಧನೆಯಲ್ಲಿ, ದತ್ತು ಸ್ವೀಕಾರವೂ ಪರರ ಮಕ್ಕಳ ಪೋಷಣೆಯೂ ವಿವಾಹ ಜೀವನದ ಫಲವಂತಿಕೆಯನ್ನು ತೋರಿಸುತ್ತವೆ ಎಂದು ಕಲಿಸಿದ್ದಾರೆ. ಮಕ್ಕಳಿಲ್ಲದವರಿಗೆ ಮಾತ್ರ ಹೇಳಿದ ಮಾತು ಇದಲ್ಲ. ಮಕ್ಕಳಿರುವ ಮನೆಗೂ ಇದು ಅನ್ವಯಿಸುತ್ತದೆ.

ನಾಲ್ಕು ಪದಗಳ ವ್ಯತ್ಯಾಸ

ನಮ್ಮಲ್ಲಿ ಅನೇಕರು ನಾಲ್ಕು ಬೇರೆ ಬೇರೆ ವಿಷಯಗಳನ್ನು ಒಂದೇ ಎಂದು ತಿಳಿದಿದ್ದಾರೆ. ಮೊದಲು ಅವುಗಳನ್ನು ಬಿಡಿಸಿಕೊಳ್ಳೋಣ.

ದತ್ತು: ಮಗು ಶಾಶ್ವತವಾಗಿ ಇನ್ನೊಂದು ಕುಟುಂಬದ ಮಗುವಾಗುತ್ತದೆ. ಹೆತ್ತವರೊಡನೆ ಇದ್ದ ಕಾನೂನಿನ ಸಂಬಂಧ ಮುಗಿಯುತ್ತದೆ. ಕ್ರೈಸ್ತರಾದ ನಮಗೆ ಬಹುಕಾಲ ಈ ದಾರಿ ಇರಲಿಲ್ಲ. 1956ರ ದತ್ತು ಕಾಯಿದೆ ಹಿಂದೂಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ನಾವು 1890ರ ಕಾಯಿದೆಯಂತೆ ಮಗುವಿನ ಪಾಲಕರಾಗಬಹುದಿತ್ತೇ ಹೊರತು ತಂದೆತಾಯಿಯಾಗುವಂತಿರಲಿಲ್ಲ. 2000ದ ಬಾಲನ್ಯಾಯ ಕಾಯಿದೆ ಮತ್ತು ಅದಕ್ಕೆ 2006ರಲ್ಲಿ ಆದ ತಿದ್ದುಪಡಿ ಈ ಬಾಗಿಲನ್ನು ಎಲ್ಲ ಧರ್ಮದವರಿಗೂ ತೆರೆದವು. 2014ರ ಫೆಬ್ರುವರಿಯಲ್ಲಿ ಶಬನಂ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳೇ ಹೊರಡಿಸುತ್ತಾರೆ.

ಪೋಷಕತ್ವ: ಇಂಗ್ಲಿಷಿನಲ್ಲಿ ಫಾಸ್ಟರ್ ಕೇರ್ ಎನ್ನುವುದು ಇದನ್ನೇ. ಹೆತ್ತವರ ಹತ್ತಿರ ಇರಲಾಗದ ಮಗುವನ್ನು ಪರಿಶೀಲಿಸಿ ಆರಿಸಿದ ಇನ್ನೊಂದು ಕುಟುಂಬದಲ್ಲಿ ಕೆಲವು ಕಾಲ ಇರಿಸುವುದು. ಹೆತ್ತವರ ಸಂಬಂಧ ಕಡಿಯುವುದಿಲ್ಲ. ಅವರ ಸ್ಥಿತಿ ಸುಧಾರಿಸಿದರೆ ಮಗು ಮರಳಿ ಹೋಗುತ್ತದೆ. ತಾಯಿ ದೀರ್ಘ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾಗ, ತಂದೆ ಜೈಲಿನಲ್ಲಿದ್ದಾಗ, ಕುಡಿತದ ಮನೆಯಲ್ಲಿ ಮಗುವಿಗೆ ಅಪಾಯವಿದ್ದಾಗ ಇಂಥ ಮನೆ ಬೇಕಾಗುತ್ತದೆ.

ಪ್ರಾಯೋಜಕತ್ವ: ಮಗು ತನ್ನ ತಾಯಿಯ ಹತ್ತಿರ ಅಥವಾ ಅಜ್ಜಿ, ದೊಡ್ಡಪ್ಪ, ಸೋದರಮಾವನಂಥ ಬಂಧುಗಳ ಹತ್ತಿರ ಉಳಿಯುತ್ತದೆ. ಬಡತನದ ಕಾರಣಕ್ಕೆ ಮಗು ಮನೆ ಬಿಡಬಾರದೆಂದು ತಿಂಗಳು ತಿಂಗಳು ಹಣದ ನೆರವು ಕೊಡಲಾಗುತ್ತದೆ. ಮೋಶೆಯ ತಾಯಿಗೆ ಸಿಕ್ಕಿದ್ದು ಇದಕ್ಕೆ ಹತ್ತಿರವಾದದ್ದು.

ಮಕ್ಕಳ ಪಾಲನಾ ಸಂಸ್ಥೆ: ಬಾಲಮಂದಿರಗಳು, ಅನಾಥಾಲಯಗಳು ಈ ಗುಂಪಿಗೆ ಸೇರುತ್ತವೆ. 2015ರ ಬಾಲನ್ಯಾಯ ಕಾಯಿದೆ, ಬೇರೆಲ್ಲ ದಾರಿಗಳೂ ಮುಚ್ಚಿದ ಮೇಲೆ ಮಾತ್ರ ಮಗುವನ್ನು ಸಂಸ್ಥೆಗೆ ಸೇರಿಸಬೇಕೆಂದು ತನ್ನ ಮೂಲತತ್ವಗಳಲ್ಲೇ ಹೇಳುತ್ತದೆ. ಇಂಥ ಸಂಸ್ಥೆಗಳು ನೋಂದಣಿ ಮಾಡಿಸುವುದೂ ಕಡ್ಡಾಯ.

ನಮ್ಮ ಗುರುಗಳು, ಧರ್ಮಭಗಿನಿಯರು ನಡೆಸಿಕೊಂಡು ಬಂದ ಆಶ್ರಮಗಳ ಸೇವೆಯನ್ನು ಇಲ್ಲಿ ಯಾರೂ ಹಗುರವಾಗಿ ಕಾಣುವುದಿಲ್ಲ. ಬರ, ಪ್ಲೇಗು ಬಂದ ಕಾಲದಲ್ಲಿ ಬೀದಿಪಾಲಾದ ಎಷ್ಟೋ ಮಕ್ಕಳು ಅಲ್ಲಿಯೇ ಬದುಕಿದರು. ಆದರೆ ಎಷ್ಟೇ ಚೆನ್ನಾಗಿ ನಡೆದರೂ ದೊಡ್ಡ ಆಶ್ರಮ ಮನೆಯಾಗಲಾರದು. ಇದಕ್ಕೆ ವಿಜ್ಞಾನದ ಸಾಕ್ಷಿಯೂ ಇದೆ. ರೊಮೇನಿಯ ದೇಶದ ಬುಖಾರೆಸ್ಟ್ ನಗರದಲ್ಲಿ 2000ದ ಸುಮಾರಿಗೆ ಆರಂಭವಾದ ಒಂದು ಅಧ್ಯಯನದಲ್ಲಿ, ಅನಾಥಾಲಯದಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಲ್ಲಿ ಇರಿಸಿದರು. ಕೆಲವು ವರ್ಷಗಳ ನಂತರ ನೋಡಿದಾಗ ಮನೆಗಳಲ್ಲಿ ಬೆಳೆದ ಮಕ್ಕಳ ಬುದ್ಧಿ ಬೆಳವಣಿಗೆ ಸಂಸ್ಥೆಯಲ್ಲಿ ಉಳಿದವರಿಗಿಂತ ಚೆನ್ನಾಗಿತ್ತು. ಎಷ್ಟು ಬೇಗ ಮನೆ ಸಿಕ್ಕಿತೋ ಅಷ್ಟು ಒಳ್ಳೆಯದಾಗಿತ್ತು.

ವ್ಯವಸ್ಥೆ ಬೆಳೆದು ಬಂದ ಬಗೆ

1986ರಲ್ಲಿ ಇಡೀ ದೇಶಕ್ಕೆ ಒಂದೇ ಬಾಲನ್ಯಾಯ ಕಾಯಿದೆ ಬಂತು. ಅದರ ಒತ್ತು ಹೆಚ್ಚಾಗಿ ಸಂಸ್ಥೆಗಳ ಮೇಲೆಯೇ ಇತ್ತು. 1992ರ ಡಿಸೆಂಬರಿನಲ್ಲಿ ಭಾರತವು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. ಕುಟುಂಬವಿಲ್ಲದ ಮಗುವಿಗೆ ಬದಲಿ ಪಾಲನೆಯನ್ನು ಒದಗಿಸುವುದು ಸರ್ಕಾರದ ಹೊಣೆ ಎಂದು ಅದರ 20ನೆಯ ವಿಧಿ ಹೇಳುತ್ತದೆ. 2000ದ ಕಾಯಿದೆಯಲ್ಲಿ ಪೋಷಕತ್ವ, ಪ್ರಾಯೋಜಕತ್ವ ಎಂಬ ಪದಗಳು ಪ್ರತ್ಯೇಕ ಕಲಮುಗಳಾಗಿ ಸೇರಿದವು.

ಆದರೆ ಕಲಮು ಬರೆದ ಮಾತ್ರಕ್ಕೆ ಮಗುವಿನ ತಟ್ಟೆಗೆ ಅನ್ನ ಬೀಳುವುದಿಲ್ಲ. ಹಣ ಬಂದದ್ದು 2009ರಲ್ಲಿ, ಕೇಂದ್ರ ಸರ್ಕಾರದ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಶುರುವಾದ ಮೇಲೆ. ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕ ಹುಟ್ಟಿಕೊಂಡದ್ದೂ ಆ ಯೋಜನೆಯಿಂದಲೇ. 2016ರ ಜನವರಿ 15ರಂದು 2015ರ ಹೊಸ ಕಾಯಿದೆ ಜಾರಿಗೆ ಬಂತು. ಅದರ 44ನೆಯ ಕಲಮು ಪೋಷಕತ್ವಕ್ಕೆ, 45ನೆಯದು ಪ್ರಾಯೋಜಕತ್ವಕ್ಕೆ ಸಂಬಂಧಿಸಿದೆ. 2021-22ರಿಂದ ಹಳೆಯ ಯೋಜನೆ "ಮಿಷನ್ ವಾತ್ಸಲ್ಯ" ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಯಾರು ನಡೆಸುತ್ತಾರೆ?

ಇಲ್ಲಿ ಎರಡು ಹೆಸರುಗಳನ್ನು ನೆನಪಿಟ್ಟರೆ ಸಾಕು: ಮಕ್ಕಳ ಕಲ್ಯಾಣ ಸಮಿತಿ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕ.

ಮಕ್ಕಳ ಕಲ್ಯಾಣ ಸಮಿತಿ ತೀರ್ಪು ಕೊಡುವ ಸ್ಥಾನ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಸದಸ್ಯರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಇದಕ್ಕೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ತಿಂಗಳಲ್ಲಿ ಕನಿಷ್ಠ 20 ದಿನ ಸೇರಬೇಕು. ಮಗುವನ್ನು ಯಾವ ಮನೆಯಲ್ಲಿ ಇರಿಸಬೇಕೆಂದು ಆದೇಶ ಮಾಡುವುದು ಈ ಸಮಿತಿಯೇ ಹೊರತು ಧರ್ಮಕೇಂದ್ರವಲ್ಲ, ಆಶ್ರಮವಲ್ಲ, ಪೊಲೀಸ್ ಠಾಣೆಯೂ ಅಲ್ಲ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಕೆಲಸ ಮಾಡುವ ಕೈ. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ ಇದರ ಮುಖ್ಯಸ್ಥರು. ಅವರ ಕೈಕೆಳಗೆ ಇಬ್ಬರು ರಕ್ಷಣಾಧಿಕಾರಿಗಳಿರುತ್ತಾರೆ. ಒಬ್ಬರು ಸಂಸ್ಥೆಗಳಲ್ಲಿರುವ ಮಕ್ಕಳನ್ನು, ಇನ್ನೊಬ್ಬರು ಕುಟುಂಬಗಳಲ್ಲಿರುವ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಇವರ ಜೊತೆಗೆ ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು, ಲೆಕ್ಕಿಗರು ಇರುತ್ತಾರೆ.

ಕೆಲಸ ನಡೆಯುವ ಕ್ರಮ ಹೀಗಿದೆ:

1. ಮಾಹಿತಿ. ಆಸರೆ ತಪ್ಪಿದ ಮಗುವನ್ನು ಕಂಡರೆ 1098ಕ್ಕೆ ಫೋನ್ ಮಾಡಬೇಕು. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಈ ಸಹಾಯವಾಣಿಯನ್ನು 2023ರಿಂದ ಸರ್ಕಾರವೇ ನಡೆಸುತ್ತಿದೆ. ನಮ್ಮ ಹುಬ್ಬಳ್ಳಿ ದೊಡ್ಡ ರೈಲ್ವೆ ಜಂಕ್ಷನ್. ಮನೆ ಬಿಟ್ಟು ಬಂದ ಮಕ್ಕಳು ಇಂಥ ಊರಿನಲ್ಲೇ ಇಳಿಯುವುದು. ಅಂಥ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ವೇಳೆ ಇದರಲ್ಲಿ ಸೇರಿಲ್ಲ. ಕಂಡೂ ತಿಳಿಸದಿರುವುದು ಶಿಕ್ಷಾರ್ಹ ತಪ್ಪು.

2. ವಿಚಾರಣೆ. ಮಗುವಿನ ಮನೆ, ಬಂಧುಗಳು, ಶಾಲೆ ಎಲ್ಲದರ ಬಗ್ಗೆ 15 ದಿನಗಳಲ್ಲಿ ಸಾಮಾಜಿಕ ತನಿಖಾ ವರದಿ ಸಿದ್ಧವಾಗಬೇಕು. ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಮಾಡಬೇಕು.

3. ಮನೆಯ ಆಯ್ಕೆ. ಮಗುವನ್ನು ಸಾಕಲು ಮುಂದೆ ಬಂದ ಕುಟುಂಬದ ಮನೆಗೆ ಘಟಕದವರು ಬಂದು ನೋಡುತ್ತಾರೆ. ವರಮಾನ, ಆರೋಗ್ಯ, ಮನೆಯವರೆಲ್ಲರ ಒಪ್ಪಿಗೆ, ಪೊಲೀಸ್ ಪರಿಶೀಲನೆ ಎಲ್ಲವೂ ಇರುತ್ತದೆ. ಇದರಿಂದ ಬೇಸರಪಡಬಾರದು. ನಮ್ಮ ಮಗಳಿಗೆ ಗಂಡು ನೋಡುವಾಗ ನಾವು ಎಷ್ಟು ವಿಚಾರಿಸುತ್ತೇವೆ!

4. ಆದೇಶ. ಮಗುವಿನ ಮಾತನ್ನೂ ಕೇಳಿ ಸಮಿತಿ ಆದೇಶ ಕೊಡುತ್ತದೆ. ಕುಟುಂಬ ಮುಚ್ಚಳಿಕೆ ಬರೆದುಕೊಡುತ್ತದೆ. ಒಡಹುಟ್ಟಿದವರನ್ನು ಆದಷ್ಟು ಒಟ್ಟಿಗೇ ಇರಿಸಬೇಕೆಂದು ಕಾಯಿದೆ ಹೇಳುತ್ತದೆ. ಒಂದು ವರ್ಷದೊಳಗಿನದು ಅಲ್ಪಾವಧಿ ಪೋಷಕತ್ವ, ಅದಕ್ಕೆ ಮೀರಿದ್ದು ದೀರ್ಘಾವಧಿ. ಹೊಂದಿಕೊಂಡು ಹೋದರೆ 18 ವರ್ಷ ತುಂಬುವವರೆಗೂ ಮುಂದುವರಿಸಬಹುದು.

5. ಮೇಲ್ವಿಚಾರಣೆ. ಪ್ರತಿ ತಿಂಗಳೂ ಸಾಕುಮನೆಯ ತಪಾಸಣೆ ನಡೆಯಬೇಕು. ಮಗುವಿಗೆ ಕೆಡುಕಾಗದಿದ್ದರೆ ಹೆತ್ತವರು ಬಂದು ನೋಡಿಕೊಂಡು ಹೋಗಬಹುದು. ಪೋಷಕತ್ವದ ಬಗ್ಗೆ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳಲ್ಲಿ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಕೊಡಬಹುದು.

ಮೊದಲು ವಿವಾಹಿತ ದಂಪತಿಗೆ ಮಾತ್ರ ಇದ್ದ ಅವಕಾಶವನ್ನು 2024ರ ಮಾದರಿ ಮಾರ್ಗಸೂಚಿಗಳು ಅವಿವಾಹಿತರು, ವಿಧವೆಯರು, ವಿಧುರರಿಗೂ ವಿಸ್ತರಿಸಿವೆ. ಒಂಟಿ ಪುರುಷರಿಗೆ ಮಾತ್ರ ಹೆಣ್ಣುಮಗುವನ್ನು ಕೊಡುವುದಿಲ್ಲ. ಸಾಮಾನ್ಯವಾಗಿ ಆರು ವರ್ಷ ದಾಟಿದ ಮಕ್ಕಳನ್ನು ಪೋಷಕತ್ವಕ್ಕೆ ಪರಿಗಣಿಸುತ್ತಾರೆ. ದತ್ತುವಿಗೆ ಮುಕ್ತವಾಗಿರುವ ಎಳೆಯ ಮಗುವಿಗೆ ಶಾಶ್ವತ ಕುಟುಂಬವೇ ಸಿಗಬೇಕು ಎಂಬುದು ಇದರ ಹಿಂದಿನ ವಿಚಾರ. ಎರಡು ವರ್ಷ ಸಾಕಿದ ಮೇಲೆ, ಮಗು ಕಾನೂನಿನಂತೆ ದತ್ತುವಿಗೆ ಮುಕ್ತವಾಗಿದ್ದರೆ, ಅದೇ ಕುಟುಂಬ ದತ್ತು ಪಡೆಯಲೂ ಅವಕಾಶವಿದೆ. ಈ ಅವಧಿ ಹಿಂದೆ ಐದು ವರ್ಷವಿತ್ತು.

ಹಣ ಎಲ್ಲಿಂದ ಬರುತ್ತದೆ?

ಪೋಷಕತ್ವಕ್ಕೆ ತಿಂಗಳ ಹಣವನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಕೊಡುವುದು ರಾಜ್ಯ ಸರ್ಕಾರದ ಕರ್ತವ್ಯ ಎಂದು ಕಾಯಿದೆಯೇ ಹೇಳುತ್ತದೆ. ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ ಪೋಷಕತ್ವಕ್ಕೂ ಪ್ರಾಯೋಜಕತ್ವಕ್ಕೂ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಿಂದಿನ ಯೋಜನೆಯಲ್ಲಿ ಇದು 2,000 ರೂಪಾಯಿ ಇತ್ತು.

ಈ 4,000ದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ಕರ್ನಾಟಕದ ಪಾಲು ನೂರಕ್ಕೆ 40. ಅಂದರೆ 2,400 ರೂಪಾಯಿ ದೆಹಲಿಯಿಂದ, 1,600 ರೂಪಾಯಿ ಬೆಂಗಳೂರಿನಿಂದ. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಮಾತ್ರ ಕೇಂದ್ರ ನೂರಕ್ಕೆ 90ರಷ್ಟು ಕೊಡುತ್ತದೆ. ರಾಜ್ಯವು ವರ್ಷಕ್ಕೊಮ್ಮೆ ತನ್ನ ಬೇಡಿಕೆಯನ್ನು ಕೇಂದ್ರಕ್ಕೆ ಸಲ್ಲಿಸುತ್ತದೆ. ಮಂಜೂರಾದ ಹಣ ರಾಜ್ಯದ ಖಜಾನೆಗೆ ಬಂದು, ರಾಜ್ಯ ತನ್ನ ಪಾಲು ಸೇರಿಸಿ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಬ್ಯಾಂಕ್ ಖಾತೆಗೆ ಇಳಿಯುತ್ತದೆ. ಮೆಟ್ಟಿಲುಗಳು ಹೆಚ್ಚಿರುವುದರಿಂದ ಕೆಲವೊಮ್ಮೆ ತಡವಾಗುವುದುಂಟು. ಮಗುವಿನ ಹಸಿವು ಮಾತ್ರ ಕಂತಿಗಾಗಿ ಕಾಯುವುದಿಲ್ಲ. ನೆರೆಹೊರೆಯವರ ಕೈ ಬೇಕಾಗುವುದು ಇಲ್ಲಿಯೇ.

ಈ ಹಣ ಸಂಬಳವಲ್ಲ. ವರ್ಷಕ್ಕೆ 48,000, ದಿನಕ್ಕೆ ಸುಮಾರು 130 ರೂಪಾಯಿ. ಮಗುವಿನ ಊಟ, ಬಟ್ಟೆ, ಪುಸ್ತಕ, ಔಷಧಿಗೆ ಅದು ಸರಿಹೋಗಬಹುದು. ಹಣ ಮಾಡಲೆಂದು ಯಾರೂ ಮಗುವನ್ನು ತರುವಂತಿಲ್ಲ, ಮನೆಗೆಲಸಕ್ಕೆಂದು ತರುವುದಂತೂ ಮಹಾಪಾಪ, ಅಪರಾಧವೂ ಹೌದು. ಆದರೆ ಹಣ ಪಡೆಯುವುದರಲ್ಲಿ ನಾಚಿಕೆಯೂ ಬೇಡ. ಮೋಶೆಯ ತಾಯಿ ಅರಮನೆಯ ಹಣ ತೆಗೆದುಕೊಂಡಳು. ಅದರಿಂದ ಅವಳ ಪ್ರೀತಿ ಕಡಿಮೆಯಾಗಲಿಲ್ಲ.

ಸರ್ಕಾರದ ಹಣವಲ್ಲದೆ ಇನ್ನೆರಡು ಮೂಲಗಳಿವೆ. ಕಾಯಿದೆಯ 105ನೆಯ ಕಲಮಿನಂತೆ ರಾಜ್ಯವು ಬಾಲನ್ಯಾಯ ನಿಧಿಯನ್ನು ಸ್ಥಾಪಿಸಬಹುದು. ಯಾರು ಬೇಕಾದರೂ ಅದಕ್ಕೆ ದಾನ ಕೊಡಬಹುದು. ವ್ಯಕ್ತಿಗಳಾಗಲಿ ಸಂಸ್ಥೆಗಳಾಗಲಿ ಜಿಲ್ಲಾಡಳಿತದ ಮೂಲಕ ಒಂದು ಮಗುವಿನ ಖಾಸಗಿ ಪ್ರಾಯೋಜಕರಾಗಲೂ ಮಿಷನ್ ವಾತ್ಸಲ್ಯದಲ್ಲಿ ಅವಕಾಶವಿದೆ. ಕೋವಿಡ್ ಕಾಲದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳಿಗಾಗಿ ನಮ್ಮ ರಾಜ್ಯ 2021ರಲ್ಲಿ ಮುಖ್ಯಮಂತ್ರಿ ಬಾಲಸೇವಾ ಯೋಜನೆಯನ್ನು ಪ್ರಕಟಿಸಿ, ಸಾಕುವವರಿಗೆ ತಿಂಗಳಿಗೆ 3,500 ರೂಪಾಯಿ ಗೊತ್ತುಮಾಡಿದ್ದನ್ನು ಇಲ್ಲಿ ನೆನೆಯಬಹುದು. ಮಗುವಿನ ಜೊತೆಗೆ ಸಾಕುವವರ ಕೈಯನ್ನೂ ಬಲಪಡಿಸಬೇಕೆಂಬ ಅರಿವು ಹೀಗೆ ನಿಧಾನವಾಗಿ ಬೆಳೆದಿದೆ.

ಆ ಅಜ್ಜಿಗೆ ಏನು ಹೇಳೋಣ?

ಮೊದಲಲ್ಲಿ ಹೇಳಿದ ಅಜ್ಜಿಯ ಬಳಿಗೆ ಮರಳೋಣ. ಆಕೆ ಮಕ್ಕಳ ಸ್ವಂತ ಅಜ್ಜಿ. ಆದ್ದರಿಂದ ಪೋಷಕತ್ವಕ್ಕಿಂತ ಪ್ರಾಯೋಜಕತ್ವದ ದಾರಿಯೇ ಆಕೆಗೆ ಹತ್ತಿರ. ತಾಯಿ ವಿಧವೆಯಾಗಿರುವ ಅಥವಾ ಮನೆಯವರು ಕೈಬಿಟ್ಟಿರುವ ಮಕ್ಕಳು, ಬಂಧುಗಳ ಹತ್ತಿರ ಬೆಳೆಯುವ ಅನಾಥ ಮಕ್ಕಳು, ಹೆತ್ತವರು ಪ್ರಾಣಾಂತಿಕ ಕಾಯಿಲೆಗೆ ತುತ್ತಾದ ಅಥವಾ ಅಪಘಾತದಿಂದ ಕೈಲಾಗದವರಾದ ಮಕ್ಕಳು ಇದಕ್ಕೆ ಅರ್ಹರು ಎಂದು ಕಾಯಿದೆ ಹೆಸರಿಸುತ್ತದೆ. ಕುಟುಂಬದ ವಾರ್ಷಿಕ ವರಮಾನ ಹಳ್ಳಿಗಳಲ್ಲಿ 72,000, ಪಟ್ಟಣಗಳಲ್ಲಿ 96,000 ರೂಪಾಯಿ ಮೀರಬಾರದು. ಎರಡೂ ಮಕ್ಕಳಿಗೆ ಮಂಜೂರಾದರೆ ತಿಂಗಳಿಗೆ 8,000 ರೂಪಾಯಿ. ಆ ಮನೆಗೆ ಅದು ಎಷ್ಟು ದೊಡ್ಡ ಮೊತ್ತ ಎಂಬುದನ್ನು ಮನೆ ನಡೆಸಿದವರು ಬಲ್ಲರು.

ಇದಕ್ಕೆ ಬೇಕಾಗುವುದು ಮಗಳ ಮರಣ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ರೇಷನ್ ಕಾರ್ಡು, ಆಧಾರ್, ನಾಡಕಚೇರಿಯಿಂದ ವರಮಾನ ಪತ್ರ, ಬ್ಯಾಂಕ್ ಖಾತೆ ಮುಂತಾದವು. ಅಳಿಯ ಎಲ್ಲಿದ್ದಾನೆಂದು ತಿಳಿಯದ ವಿಷಯವನ್ನು ಮುಚ್ಚಿಡದೆ ಸಮಿತಿಯ ಮುಂದೆ ಹೇಳಬೇಕು.

ಪಟ್ಟಿ ಚಿಕ್ಕದೇ. ಆದರೆ ಓದು ಬಾರದ ಅರವತ್ತೈದರ ಹೆಂಗಸು ನಾಡಕಚೇರಿ, ಶಾಲೆ, ಬ್ಯಾಂಕು ಸುತ್ತಿ, ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಾಡುವುದು ಸುಲಭವಲ್ಲ. ಒಂದು ಕಾಗದ ಕಡಿಮೆಯಾದರೆ ಮತ್ತೆ ಬನ್ನಿ ಎನ್ನುತ್ತಾರೆ. ಎರಡು ಸಲ ಹೋಗಿ ಬಂದ ಮೇಲೆ ಬೋರ್ಡಿಂಗೇ ವಾಸಿ ಎಂದು ಆಕೆ ಕೈಬಿಡುತ್ತಾರೆ. ಹೀಗೆ ಒಂದು ಮನೆ ಒಡೆಯುವುದು ಹಣವಿಲ್ಲದೆ ಅಲ್ಲ, ಜೊತೆಗೆ ಬರುವವರಿಲ್ಲದೆ. ನದಿಯ ದಡದಲ್ಲಿ ನಿಂತಿದ್ದ ಮೋಶೆಯ ಅಕ್ಕನಂಥವರು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಬೇಕಾಗಿರುವುದು ಇದಕ್ಕೇ.

ನಾವು ಮಾಡಬಹುದಾದದ್ದು

1. ಪಾಲನಾ ಸಮಿತಿಯಾಗಲಿ, ಸಂತ ವಿನ್ಸೆಂಟ್ ದಿ ಪೌಲ್ ಸಭೆಯಾಗಲಿ ಈ ವಿಷಯ ತಿಳಿದ ಒಬ್ಬರನ್ನು ಗೊತ್ತುಮಾಡಲಿ. ಅರ್ಜಿ ತುಂಬಿಸಿ, ಕಚೇರಿಗೆ ಜೊತೆಗೆ ಹೋಗಿ, ಮೊದಲ ಕಂತು ಬರುವವರೆಗೆ ಮನೆಯ ರೇಷನ್ನಿಗೆ ನೆರವಾದರೆ ದೊಡ್ಡ ಉಪಕಾರ.

2. ಮಕ್ಕಳು ದೊಡ್ಡವರಾಗಿ ದೂರ ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ ಎಂದು ಕೊರಗುವ ದಂಪತಿ ನಮ್ಮಲ್ಲಿ ಇದ್ದಾರೆ. ಅವರು ಪೋಷಕತ್ವದ ಬಗ್ಗೆ ಪ್ರಾರ್ಥನೆಯಿಂದ ಯೋಚಿಸಲಿ. ವಯಸ್ಸಿನ ಮಿತಿ ಮುಂತಾದ ವಿವರಗಳನ್ನು ಘಟಕದಲ್ಲಿಯೇ ಕೇಳಿ ತಿಳಿಯಬೇಕು.

3. ಬರುವ ಮಗು ಹಿಂದೂ ಇರಬಹುದು, ಮುಸ್ಲಿಮ್ ಇರಬಹುದು. ಅದರ ಧರ್ಮ, ಭಾಷೆ, ಹಬ್ಬಗಳು ಮುಂದುವರಿಯಬೇಕೆಂದು ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಮಗುವಿಗೆ ಜ್ಞಾನಸ್ನಾನ ಕೊಡಿಸಲು ನಮಗೆ ಹಕ್ಕಿಲ್ಲ, ಆ ಉದ್ದೇಶವನ್ನೂ ಇಟ್ಟುಕೊಳ್ಳಬಾರದು. ಹಸಿದವರಿಗೆ ಅನ್ನ ಕೊಡುವಾಗ ಪ್ರಭು ಯೇಸು ಯಾರ ಧರ್ಮವನ್ನೂ ಕೇಳಲಿಲ್ಲ.

4. ಆಸ್ಪತ್ರೆಯಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕಿದ ಮಗುವನ್ನು ನೇರವಾಗಿ ಮನೆಗೆ ಕರೆತಂದು ಸಾಕಿಕೊಳ್ಳುವುದು, "ನಮ್ಮ ಸಂಬಂಧಿಕರಿಗೆ ಮಕ್ಕಳಿಲ್ಲ" ಎಂದು ಕೈಯಿಂದ ಕೈಗೆ ಕೊಡುವುದು ಪುಣ್ಯವೆಂದು ಕೆಲವರು ತಿಳಿದಿದ್ದಾರೆ. ಕಾನೂನು ಮೀರಿ ದತ್ತು ಕೊಟ್ಟರೂ ಪಡೆದರೂ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಕಾಗದವಿಲ್ಲದ ಮಗುವಿಗೆ ನಾಳೆ ಯಾವ ಹಕ್ಕೂ ಇರುವುದಿಲ್ಲ.

5. ನೆರವು ಪಡೆದ ಮಗುವಿನ ಫೋಟೋ, ಹೆಸರನ್ನು ಪತ್ರಿಕೆಯಲ್ಲಾಗಲಿ ವಾಟ್ಸಾಪಿನಲ್ಲಾಗಲಿ ಹಾಕಬಾರದು. ಇದನ್ನೂ ಕಾಯಿದೆ ನಿಷೇಧಿಸಿದೆ. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂಬ ಬೋಧನೆ ನಮಗಿದ್ದೇ ಇದೆ.

ಸಾಕುತಂದೆಯ ನೋವು

ಕೊನೆಯದಾಗಿ ಒಂದು ಕಷ್ಟದ ಮಾತು. "ಅಷ್ಟು ಪ್ರೀತಿಯಿಂದ ಸಾಕಿ, ಆಮೇಲೆ ಮರಳಿ ಕೊಡುವುದು ಹೇಗೆ?" ಎಂದು ಅನೇಕರು ಹಿಂಜರಿಯುತ್ತಾರೆ. ಈ ಹೆದರಿಕೆ ಸುಳ್ಳಲ್ಲ. ಎರಡು ವರ್ಷ ನಮ್ಮನ್ನು ಅಜ್ಜ ಅಜ್ಜಿ ಎಂದೋ ಮಾಮಾ ಮಾಮಿ ಎಂದೋ ಕರೆದ ಮಗು ಚೀಲ ಎತ್ತಿಕೊಂಡು ತನ್ನ ತಾಯಿಯ ಜೊತೆ ಹೊರಟಾಗ ಕರುಳು ಹಿಂಡುತ್ತದೆ.

ಆಗ ಜೆರುಸಲೇಮಿನ ದೇವಾಲಯದಲ್ಲಿ ನಿಂತ ಸಂತ ಜೋಸೆಫರನ್ನು ನೆನೆಯಿರಿ. ಮೂರು ದಿನ ಹುಡುಕಿ, ಕಂಗಾಲಾಗಿ, ಕೊನೆಗೆ ಮಗನನ್ನು ಕಂಡಾಗ ಅವರು ಕೇಳಿದ್ದೇನು? ಬಾಲಯೇಸು ತನ್ನ ಪಿತನ ಮನೆಯ ಮಾತನ್ನು ಎತ್ತಿದರು. ಈ ಮಗು ನನ್ನದಲ್ಲ, ನನ್ನ ಕೈಗೆ ಕೊಟ್ಟದ್ದು ಎಂಬುದು ಅಂದು ಜೋಸೆಫರಿಗೆ ಇನ್ನೊಮ್ಮೆ ತಿಳಿದಿರಬೇಕು. ಶುಭಸಂದೇಶದಲ್ಲಿ ಅವರ ಒಂದು ಮಾತೂ ದಾಖಲಾಗಿಲ್ಲ. ಅವರು ಸುಮ್ಮನೆ ಮಗನನ್ನು ನಜರೇತಿಗೆ ಕರೆದುಕೊಂಡು ಹೋಗಿ ಸಾಕಿದರು.

ಯೋಚಿಸಿ ನೋಡಿದರೆ, ನಾವು ಹೆತ್ತ ಮಕ್ಕಳೂ ನಮ್ಮ ಕೈಗೆ ಕೊಟ್ಟವರೇ ಅಲ್ಲವೇ?

ಮನೆಯಲ್ಲಿ ಚರ್ಚಿಸಿರಿ

1. ನಮ್ಮ ಓಣಿಯಲ್ಲಿ, ನಮ್ಮ ಬಂಧುಗಳಲ್ಲಿ ಅಜ್ಜಿಯೋ ಸೋದರತ್ತೆಯೋ ಸಾಕುತ್ತಿರುವ ಮಕ್ಕಳಿದ್ದಾರೆಯೇ? ಅವರಿಗೆ ಈ ನೆರವಿನ ವಿಷಯ ಗೊತ್ತೇ?

2. ನಮ್ಮ ಧರ್ಮಕೇಂದ್ರದಿಂದ ಬೋರ್ಡಿಂಗಿಗೆ ಹೋದ ಮಕ್ಕಳಲ್ಲಿ ಬಡತನದ ಕಾರಣಕ್ಕೆ ಮಾತ್ರ ಮನೆ ಬಿಟ್ಟವರು ಎಷ್ಟು ಮಂದಿ?

3. ಒಂದು ಮಗು ನಾಳೆ ನಮ್ಮ ಮನೆಗೆ ಬಂದರೆ, ನಮ್ಮ ಮಕ್ಕಳು ತಮ್ಮ ಜಾಗವನ್ನು ಹಂಚಿಕೊಳ್ಳಲು ಸಿದ್ಧರೇ? ಅವರನ್ನೇ ಕೇಳಿ ನೋಡಿರಿ.

ಪ್ರಾರ್ಥನೆ

ಪ್ರೀತಿಯ ಪಿತನೇ, ನಿಮ್ಮ ಪುತ್ರನನ್ನು ಒಬ್ಬ ಬಡಗಿಯ ಕೈಗೆ ಒಪ್ಪಿಸಿದಿರಿ. ಮನೆ ಕಳೆದುಕೊಂಡ ಮಕ್ಕಳನ್ನು, ಮುಪ್ಪಿನಲ್ಲೂ ಮೊಮ್ಮಕ್ಕಳನ್ನು ಸಾಕುವ ಹಿರಿಯರನ್ನು ಹರಸಿರಿ. ಕಚೇರಿಗಳಲ್ಲಿ ದುಡಿಯುವವರಿಗೆ ಕರುಣೆಯ ಮನಸ್ಸನ್ನು, ನಮಗೆ ಜೊತೆಯಲ್ಲಿ ನಡೆಯುವ ಕಾಲುಗಳನ್ನು ಕೊಡಿರಿ. ಸಾಕುತಂದೆ ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.